ಗೇಟ್‌ಮನೆಯ ರೆಕ್ಕೆಯ ರೋಗಿಗಳು

ನಮ್ಮ ಮಾವನವರು ಜೀವಮಾನದಲ್ಲಿ ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಹತ್ತುವ ಅಗತ್ಯವೇನಿತ್ತು? ಆಸ್ಪತ್ರೆಯೇ ನಮ್ಮ ಮನೆಯಲ್ಲಿತ್ತು! ಸದಾ ಬಾಗಿಲು ತೆರೆದಿರುತ್ತಿದ್ದ ಆ ಆಸ್ಪತ್ರೆಗೆ ಒಂದೇ ಒಂದು ಷರತ್ತು: ರೋಗಿಗೆ ರೆಕ್ಕೆ ಇರಬೇಕು. ನನಗೆ ಜ್ವರ ಬಂದರೆ "ಕಷಾಯ ಕುಡಿದು ಮಲಕೋ ಅವ್ವಾ" ಎಂದು ಕೈತೊಳೆದುಕೊಳ್ಳುತ್ತಿದ್ದವರು, ಗುಬ್ಬಿಯೊಂದು ಮಂಕಾಗಿ ಕುಳಿತರೆ ಊಟ ಬಿಡುತ್ತಿದ್ದರು.

ಮಾವನವರು ರೈಲ್ವೆ ಗೇಟ್‌ಮನ್. ಚಿತ್ತಾಪುರಕ್ಕೂ ವಾಡಿಗೂ ನಡುವೆ, ಬಂಡಿಯ ದಾರಿ ಹಳಿಯನ್ನು ದಾಟುವಲ್ಲಿ ಅವರ ಗೇಟು. ಪಕ್ಕದಲ್ಲೇ ಒಂದೂವರೆ ಕೋಣೆಯ ಕ್ವಾರ್ಟರ್ಸು. ನೆಲಕ್ಕೆ ಶಹಾಬಾದಿ ಫರಸಿ ಕಲ್ಲು, ಅಂಗಳಕ್ಕೆ ಫರಸಿ, ಕೊಡ ಇಡುವ ಕಟ್ಟೆಗೂ ಫರಸಿ. ಒಂದು ಕೋಣೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು. ಉಳಿದ ಅರ್ಧ ಕೋಣೆ 'ವಾರ್ಡು'. ಹಳಿಯ ಪಕ್ಕ ತಂತಿಗಳಿದ್ದವು, ತಂತಿಗೆ ಬಡಿದು ಬೀಳುವ ಹಕ್ಕಿಗಳಿದ್ದವು. ಹಾಗಾಗಿ ವಾರ್ಡು ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ.

ನಾನು ಮದುವೆಯಾಗಿ ಬಂದ ದಿನವೇ ಇದೆಲ್ಲ ಗೊತ್ತಾಯಿತು. ಐನಾಪುರದಿಂದ ನನ್ನನ್ನು ಬಿಡಲು ಬಂದಿದ್ದ ಅವ್ವ, ಮಗಳ ಸಂಸಾರ ನೋಡೋಣವೆಂದು ಮೂಲೆಯ ಬುಟ್ಟಿಯ ಮೇಲಿನ ಅರಿವೆ ಸರಿಸಿದಳು. ಒಳಗಿನಿಂದ ಎರಡು ದುಂಡು ಕಣ್ಣುಗಳು ಅವಳನ್ನೇ ನೋಡಿದವು.

"ಅಯ್ಯೋ ಯವ್ವಾ, ಗೂಗಿ! ಮನ್ಯಾಗ ಗೂಗಿ ಅದ!"

ಅವ್ವನ ಕೂಗಿಗೆ ಗೂಗೆಯೇ ಹೆದರಿ ಕಣ್ಣು ಮುಚ್ಚಿಕೊಂಡಿತು. ಮಾವನವರು ಶಾಂತವಾಗಿ ಒಳಬಂದು ಕೈಮುಗಿದರು.

"ಬೀಗತ್ಯಾರೇ, ಅಂಜಬ್ಯಾಡ್ರಿ. ಅದು ಮನಿಗೆ ಬಂದಿಲ್ರಿ, ಆಸ್ಪತ್ರಿಗೆ ಬಂದದ. ಕಾಲು ಛಲೋ ಆತಂದ್ರ ಡಿಸ್ಚಾರ್ಜ್!"

ಹೊಸ ಸೊಸೆ ಬರುವ ಮನೆಯಲ್ಲಿ ಗೂಗೆ! ಅವ್ವ ನನ್ನ ಕೈ ಹಿಡಿದು ವಾಪಸ್ಸು ಎಳೆದೊಯ್ಯುವ ಲೆಕ್ಕದಲ್ಲಿದ್ದಳು. ಬಸ್ಸು ಸಂಜೆಯವರೆಗೆ ಇರಲಿಲ್ಲ. ನನ್ನ ಸಂಸಾರ ಉಳಿದದ್ದು ಹಾಗೆ.

ಚಿಕಿತ್ಸೆಯ ವಿಧಾನವನ್ನೂ ಹೇಳಿಬಿಡುತ್ತೇನೆ. ಮುರಿದ ಮೊರದ ಬಿದಿರಿನ ಕಡ್ಡಿ, ಅರಿಶಿನ, ಎಳ್ಳೆಣ್ಣೆ. ಕಟ್ಟಲು ಪಟ್ಟಿ? ಅದಕ್ಕೆ ರೈಲ್ವೆ ಇತ್ತಲ್ಲ! ಗೇಟಿನಲ್ಲಿ ತೋರಿಸುವ ಕೆಂಪು, ಹಸಿರು ಬಾವುಟಗಳು ಸ್ವಲ್ಪ ಹರಿದರೆ ಸಾಕು, ವಾರ್ಡಿನ ಪಾಲು. ಅದರಲ್ಲೂ ಶಿಸ್ತು. ಹೊಸ ರೋಗಿಗೆ ಕೆಂಪು ಪಟ್ಟಿ: ಅಲ್ಲಾಡುವಂತಿಲ್ಲ. ಗುಣವಾಗುತ್ತ ಬಂದರೆ ಹಸಿರು ಪಟ್ಟಿ: ಇಂದೋ ನಾಳೆಯೋ ಹೊರಟಿತು. ಗಂಟು ಹಾಕುವುದು ಮಾತ್ರ ಅವರೇ. ಎರಡು ಸುತ್ತು, ನಡುವೆ ಒಂದು ಮಡಿಕೆ, ತುದಿ ಒಳಗೆ. ಬೇರೆ ಯಾರು ಹಾಕಿದರೂ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು.

"ಏನಪಾ, ವರ್ಷ ತುಂಬಿಲ್ಲ, ನಾಕು ಬಾವುಟ ತಗೊಂಡೀ?"

"ಗಾಳಿ ಭಾಳ ಅದರೀ ಸಾಹೇಬ್ರ, ಹರಿದು ಒಗಿಲಿಕತ್ತದ."

ಅದೇ ಗಳಿಗೆಗೆ ಒಳಗಿನಿಂದ ಒಂದು ಕೌಜುಗ ಹಕ್ಕಿ ಕುಂಟುತ್ತ ಹೊರಬಂದು ಸಾಹೇಬರ ಬೂಟಿನ ಮುಂದೆ ನಿಂತಿತು. ಕಾಲಿಗೆ ಕೆಂಪು ಪಟ್ಟಿ! ಸಾಹೇಬರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಗಂಟನ್ನು ಪರೀಕ್ಷಿಸಿದರು.

"ಭಾರೀ ಹುಷಾರ್ ಗಾಳಿ ಬಿಡು. ಗಂಟು ಹಾಕಲಿಕ್ಕೂ ಬರ್ತದ!"

ಅಷ್ಟೇ. ಬರೆದುಕೊಂಡು ಹೋದರೋ ಇಲ್ಲವೋ ತಿಳಿಯದು. ಹೊಸ ಬಾವುಟಗಳು ಮಾತ್ರ ಬಂದವು.

ನಮ್ಮ ಗೇಟಿನ ಖಾಯಂ ಗಿರಾಕಿ ಒಬ್ಬ ಚಾಚಾ. ಶಹಾಬಾದಿನಿಂದ ಫರಸಿ ಹೇರಿಕೊಂಡು ಎತ್ತಿನ ಬಂಡಿಯಲ್ಲಿ ಬರುವವರು. ಒಂದು ಮುಂಜಾನೆ ಗೇಟು ಮುಚ್ಚಿತ್ತು. ರೈಲಿನ ಸದ್ದಿಲ್ಲ, ಹೊಗೆಯಿಲ್ಲ.

"ಭಾಯಿ, ಗಾಡಿ ಬರಲಿಕತ್ತದೇನು?"

"ಬರಲಿಕತ್ತದ."

"ಎಲ್ಲಿ ಅದ? ಇಂಜಿನ್ನೂ ಕಾಣವಲ್ದು!"

"ಮ್ಯಾಲ ಅಲ್ಲೋ ಮಾರಾಯ, ನೆಲಾ ನೋಡು."

ಚಾಚಾ ನೆಲ ನೋಡಿದರು. ಟಿಟ್ಟಿಭ ಹಕ್ಕಿಯೊಂದು ಉದ್ದ ಕಾಲು ಎತ್ತಿಡುತ್ತ ದಾರಿ ದಾಟುತ್ತಿತ್ತು. ಹಿಂದೆ ಸಾಲಾಗಿ ಮರಿಗಳು.

"ಇಂಜಿನ್ ಒಂದು, ಡಬ್ಬಿ ನಾಕು!" ಎಂದರು ಮಾವನವರು.

ಚಾಚಾ ಬೈಯುತ್ತಾರೆಂದು ನಾನು ಒಳಗಿನಿಂದ ಇಣುಕಿದೆ. ಅವರು ಬೀಡಿ ಹೊತ್ತಿಸಿ, "ಪ್ಯಾಸೆಂಜರ್ ಗಾಡಿನೇ ಇರಬೇಕು. ಭಾಳ ಸಾವಕಾಶ ಹೊಂಟದ" ಎಂದು ಕುಂತುಬಿಟ್ಟರು. ಹುಚ್ಚು ಅಂಟುರೋಗವಲ್ಲ ಎಂದು ಹೇಳಿದವರು ಯಾರು?

ಈ ನಡುವೆ ನನ್ನದೂ ಒಂದು ಕಥೆಯಿತ್ತು. ನಾನು ಮ್ಯಾಟ್ರಿಕ್ ಪಾಸಾಗಿದ್ದೆ. ಗುಲ್ಬರ್ಗದಲ್ಲಿ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಮಾಸ್ತರಿಕೆಯ ತರಬೇತಿ ಮಾಡಬೇಕೆಂಬ ಆಸೆ. ಅರ್ಜಿ ತರಿಸಿದ್ದೆ. ಅದಕ್ಕೆ ಮನೆಯ ಹಿರಿಯರ ಸಹಿ ಬೇಕಿತ್ತು. ಗಂಡ, "ಅಪ್ಪ ಹೂಂ ಅಂದ್ರ ನನ್ನ ತಕರಾರಿಲ್ಲ" ಎಂದರು. ಮಾವನವರು ಅರ್ಜಿಯನ್ನು ಮಡಿಸಿ ಬಾವುಟದ ತಗಡಿನ ಡಬ್ಬಿಯಲ್ಲಿಟ್ಟು, "ನೋಡೂಣಂತ, ಇನ್ನಾ ಟೈಮ್ ಅದಲ್ಲವ್ವಾ" ಎಂದರು. ತಿಂಗಳುಗಟ್ಟಲೆ ಅದೇ ಉತ್ತರ. ನನಗೆ ಅರ್ಥವಾಗದೇ ಇರಲಿಲ್ಲ. ಅಷ್ಟರೊಳಗೆ ಗೂಗೆಗೆ ಉಣಿಸುವುದರಿಂದ ಹಿಡಿದು ಕೌಜುಗದ ಪಟ್ಟಿ ಬದಲಿಸುವವರೆಗೆ ವಾರ್ಡಿನ ಕೆಲಸವೆಲ್ಲ ನನ್ನ ಕೈಗೆ ಬಂದಿತ್ತು. ಇದ್ದೊಬ್ಬ ನರ್ಸಮ್ಮನನ್ನು ಯಾವ ಡಾಕ್ಟರು ಬಿಟ್ಟಾನು?

ಆ ಚಳಿಗಾಲದಲ್ಲೇ ಚಾಚಾ ಬಂಡಿಯಲ್ಲಿ ಫರಸಿಯ ಮೇಲೆ ಗೋಣಿಚೀಲ ಹಾಸಿ, ಒಂದು ಭಾರಿ ರೋಗಿಯನ್ನು ತಂದರು. ಬೂದು ಮೈ, ಕರಿ ಕೊರಳು, ಕಣ್ಣಿನ ಹಿಂದಿನಿಂದ ಇಳಿಬಿದ್ದ ಎರಡು ಬಿಳಿ ಗರಿ. ನನ್ನ ಎದೆಯೆತ್ತರದ ಹಕ್ಕಿ! ಚಳಿಗೆ ಹಿಂಡುಹಿಂಡಾಗಿ ಬಂದು ಕಾಗಿಣಾ ಹೊಳೆದಂಡೆಯ ಕಡಲೆ ಹೊಲಗಳಲ್ಲಿ ಮೇಯ್ದು, ಬಿಸಿಲು ಏರುವ ಮೊದಲು ದೂರದ ನಾಡಿಗೆ ಹಾರಿಹೋಗುವ ಜಾತಿ. ಅದರ ಸರಿಯಾದ ಹೆಸರು ನಮಗೆ ಗೊತ್ತಿರಲಿಲ್ಲ. ಮಾವನವರಿಗೆ ಉದ್ದ ಕಾಲಿನದೆಲ್ಲ ಕೊಕ್ಕರೆಯೇ. ತಂತಿಗೆ ಬಡಿದು ಎಡರೆಕ್ಕೆ ಜೋತಿತ್ತು.

"ಹೋಳಿ ಹುಣ್ಣಿವಿಗೆ ಇವುಗಳ ಹಿಂಡು ಹೋಗ್ತದವ್ವಾ," ಎಂದರು ಮಾವನವರು ಕಡ್ಡಿ ಕಟ್ಟುತ್ತ. "ಅಷ್ಟರಾಗ ಇದು ಹಾರಬೇಕು. ಇಲ್ಲಂದ್ರ ಒಂದೇ ಉಳೀತದ. ಈ ಬಿಸಲಾಗ ಬಾಳೂದಿಲ್ಲ."

ಕೆಂಪು ಪಟ್ಟಿ ಬಿತ್ತು. ವಾರ್ಡಿನಲ್ಲಿ ಜಾಗ ಸಾಲದೆ ಕೊಕ್ಕರೆ ಅಡಿಗೆಯ ಕಡೆಗೂ ಕತ್ತು ಚಾಚುತ್ತಿತ್ತು. ಅತ್ತೆಯವರು ರೊಟ್ಟಿ ಬಡಿಯುವಾಗ ಹಿಂದೆಯೇ ನಿಂತು, ಅವರು ಮುಖ ತಿರುಗಿಸಿದೊಡನೆ ಹಿಟ್ಟಿಗೆ ಕೊಕ್ಕು. ಕೆಲವೇ ದಿನಗಳಲ್ಲಿ ಅದು ಮಾವನವರ ಹಿಂದೆ ಗೇಟಿಗೂ ಹೊರಟಿತು. ಗೂಡ್ಸ್ ಗಾಡಿ ಹೋಗುವಾಗ ಬಾವುಟ ಹಿಡಿದ ಮಾವ, ಪಕ್ಕದಲ್ಲಿ ಒಂಟಿಕಾಲಲ್ಲಿ ಕೊಕ್ಕರೆ. ಡ್ರೈವರುಗಳು ಇವರಿಗೊಂದು, ಅದಕ್ಕೊಂದು ಎಂದು ಎರಡೆರಡು ಸೀಟಿ ಹೊಡೆಯುತ್ತಿದ್ದರು!

ಪಟ್ಟಿ ಹಸಿರಾಯಿತು, ಆಮೇಲೆ ಅದನ್ನೂ ಬಿಚ್ಚಿದ್ದಾಯಿತು. ಈಗ ಹಾರುವ ಪಾಠ. ಮಾವನವರು ಹಸಿರು ಬಾವುಟ ಬೀಸುತ್ತ ಹಳಿಯ ಪಕ್ಕದ ಕಾಲುದಾರಿಯಲ್ಲಿ ಓಡುವುದು, ಹಿಂದೆ ರೆಕ್ಕೆ ಬಡಿಯುತ್ತ ಕೊಕ್ಕರೆ. ಕೆಂಪು ತೋರಿಸಿದರೆ ಇಬ್ಬರೂ ನಿಂತು ಏದುಸಿರು ಬಿಡುವುದು.

"ಏನ್ರೀ," ಅತ್ತೆಯವರು ಬಾಗಿಲಿಂದ ಕೂಗುತ್ತಿದ್ದರು, "ಒಂದು ಕೊಡ ನೀರು ತರ್ರಿ ಅಂದ್ರ ಮಂಡಿನೋವು. ಕೊಕ್ಕರಿ ಮುಂದ ಓಡಲಿಕತ್ತೀರಲ್ಲ, ಈಗ ಆ ಮಂಡಿ ಎಲ್ಲಿ ಇಟ್ಟು ಬಂದೀರಿ?"

ಕೊಕ್ಕರೆ ಕಲಿಯಿತು. ಸಿಗ್ನಲ್ ಕಂಬದವರೆಗೆ ಹಾರಿ ಬಂತು, ಅದರಾಚೆಯ ಬೇವಿನ ಮರದವರೆಗೂ ಹಾರಿ ಬಂತು. ಎಲ್ಲಿಗೆ ಹೋದರೂ ಮಾವನವರು ಕೆಂಪು ಬೀಸಿದೊಡನೆ ವಾಪಸ್ಸು. ಹೋಳಿ ಹತ್ತಿರ ಬಂತು. ಕಡಲೆ ಕಿತ್ತಾಯಿತು. ಹಿಂಡುಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಮಾವನವರು ಮಾತ್ರ, "ಇನ್ನಾ ರೆಕ್ಕಿಗಿ ತಾಕತ್ತು ಬರಬೇಕು" ಎನ್ನುತ್ತಿದ್ದರು.

ಅತ್ತೆಯವರು ನನ್ನ ಕಿವಿಯಲ್ಲಿ ಹೇಳಿದರು: "ರೆಕ್ಕಿಗಿ ಬಂದದ. ಇವರ ಕೈಗೇ ತಾಕತ್ತು ಬರವಲ್ದು."

ಒಂದು ಮುಂಜಾನೆ ಆಕಾಶದಲ್ಲಿ ಕರ್ರ್ ಕರ್ರ್ ಎಂಬ ಕೂಗು. ನಾವೆಲ್ಲ ಹೊರಗೆ ಬಂದೆವು. ಕೊನೆಯ ಹಿಂಡು, ಬಹಳ ಎತ್ತರದಲ್ಲಿ, ಓರೆಯಾಗಿ ಬರುತ್ತಿತ್ತು. ಕೊಕ್ಕರೆ ಕತ್ತೆತ್ತಿ ಉತ್ತರ ಕೊಟ್ಟಿತು. ರೆಕ್ಕೆ ಬಿಚ್ಚಿತು. ಬಿಚ್ಚಿ, ಮಾವನವರ ಮುಖ ನೋಡಿ, ನಿಂತಿತು.

ಸಿಗ್ನಲ್ ಇಲ್ಲದೆ ಹೊರಡಬಾರದೆಂದು ಕಲಿಸಿದವರು ಅವರೇ ಅಲ್ಲವೇ?

ಎರಡೂ ಬಾವುಟ ಸುರುಳಿಯಾಗಿ ಅವರ ಕಂಕುಳಲ್ಲಿದ್ದವು. ಅವರು ಅಲ್ಲಾಡಲಿಲ್ಲ. ಹಿಂಡು ನೆತ್ತಿಯ ಮೇಲೆ ಬಂತು, ದಾಟಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ನಿಂತಿದ್ದರು. ಗೇಟಿನಾಚೆ ಬಂಡಿಯ ಮೇಲಿಂದ ಚಾಚಾ ಮೆಲ್ಲಗೆ ಅಂದರು:

"ಭಾಯಿ, ಲೈನ್ ಕ್ಲಿಯರ್ ಅದ. ಗಾಡಿ ಲೇಟ್ ಆಗಲಿಕತ್ತದ. ತೋರಿಸಿಬಿಡು."

ಮಾವನವರು ಹಸಿರು ಬಾವುಟ ಬಿಚ್ಚಿ ಎತ್ತಿ ಹಿಡಿದರು. ಕೊಕ್ಕರೆ ಓಡಿತು. ಕಾಲುದಾರಿಯುದ್ದಕ್ಕೂ ಓಡಿ, ಸಿಗ್ನಲ್ ಕಂಬದ ಮೇಲೆದ್ದು, ಬೇವಿನ ಮರ ದಾಟಿ, ಹಿಂಡಿನ ಬಾಲಕ್ಕೆ ಒಂದು ಚುಕ್ಕಿಯಾಗಿ ಸೇರಿತು. ಬಾವುಟ ಎತ್ತಿದ್ದು ಎತ್ತಿದ ಹಾಗೇ ಇತ್ತು. ಕಡೆಗೆ ಚಾಚಾ ಕೆಮ್ಮಿದರು.

"ಭಾಯಿ, ಇನ್ನ ನನಗೂ ಗೇಟ್ ತೆಗಿ. ನನಗ ರೆಕ್ಕಿ ಇಲ್ಲ!"

ಅಂದು ಮಧ್ಯಾಹ್ನ ಮಾವನವರು ಉಂಡು ಕೈತೊಳೆದವರೇ ಬಾವುಟದ ಡಬ್ಬಿ ತೆರೆದರು. ಅರ್ಜಿಗೆ ತಗಡಿನ ತುಕ್ಕು ಹತ್ತಿತ್ತು. "ಸಹಿ ಎಲ್ಲಿ ಮಾಡಲೆವ್ವಾ?" ಎಂದರು. ನನ್ನ ಮುಖ ನೋಡಲಿಲ್ಲ.

ಜೂನ್‌ನಲ್ಲಿ ಚಿತ್ತಾಪುರದಲ್ಲಿ ರೈಲು ಹತ್ತಿದೆ. ನಮ್ಮ ಗೇಟು ಬಂದಾಗ ಕಿಟಕಿಯ ಸರಳಿಗೆ ಮುಖ ಒತ್ತಿ ಕೈಬೀಸಿದೆ. ಅತ್ತೆಯವರು ಸೆರಗು ಬೀಸಿದರು. ಮಾವನವರು ಹಸಿರು ಹಿಡಿದು ಗಾಲಿಗಳನ್ನೇ ನೋಡುತ್ತಿದ್ದರು. ಡ್ಯೂಟಿಯಲ್ಲಿ ಹಾಗೆಯೇ ನೋಡಬೇಕಂತೆ. ಕೊನೆಯ ಗಾರ್ಡಿನ ಡಬ್ಬಿ ದಾಟಿದ ಮೇಲೆ ಬಾವುಟ ಇಳಿಸಬಹುದು. ತಿರುವಿನಲ್ಲಿ ಹೊರಳಿ ನೋಡಿದಾಗಲೂ ಅದು ಮೇಲೆಯೇ ಇತ್ತು.

ಕಣ್ಣೊರೆಸಿಕೊಂಡು, ವಾಡಿ ಬಂದ ಮೇಲೆ ರೊಟ್ಟಿಯ ಗಂಟನ್ನು ಚೀಲದಿಂದ ಹೊರತೆಗೆದೆ. ಅತ್ತೆಯವರು ಬುತ್ತಿಯನ್ನು ಸದಾ ಹಳೆಯ ಸೀರೆಯ ಅಂಚಿನಿಂದ ಕಟ್ಟುತ್ತಿದ್ದರು. ಅಂದು ಅದರ ಸುತ್ತ ಇದ್ದದ್ದು ಹಸಿರು ಬಾವುಟದ ಪಟ್ಟಿ. ಎರಡು ಸುತ್ತು, ನಡುವೆ ಒಂದು ಮಡಿಕೆ, ತುದಿ ಒಳಗೆ.

ಗುಲ್ಬರ್ಗದವರೆಗೂ ನಾನು ಆ ಗಂಟು ಬಿಚ್ಚಲಿಲ್ಲ. ಹಸಿದೇ ಹೋದೆ.