ಮಾವನವರು ಮೆಚ್ಚಿದ ಕಡಲೆ ಹುಳಿಯ ಸಾರು

ದೇವರು ನನಗೆ ಎತ್ತರ ಕೊಡಲಿಲ್ಲ, ದನಿ ಕೊಡಲಿಲ್ಲ, ಕುತೂಹಲವನ್ನು ಮಾತ್ರ ಚೀಲಗಟ್ಟಲೆ ಸುರಿದುಬಿಟ್ಟ. ಹುನಗುಂದದ ಶಾಲೆಯಲ್ಲಿ ನಾನು ಮಾಸ್ತರ. ಹುಡುಗರು ನನ್ನನ್ನು ಕೇಳುವ ‘ಯಾಕೆ’ಗಳಿಗಿಂತ ನಾನು ಊರಿನವರನ್ನು ಕೇಳುವ ‘ಯಾಕೆ’ಗಳೇ ಹೆಚ್ಚು. ಹೆಂಡತಿ ಗೋದಾವರಿ ರೊಟ್ಟಿ ಸುಡುವಾಗ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಇದು ಉಬ್ಬೂದು ಯಾಕ?” ಎಂದು ಕೇಳುತ್ತೇನೆ.

“ನೀವು ಎದ್ದು ಹೊರಗ ಹೋಗ್ಲಿ ಅಂತ,” ಎನ್ನುತ್ತಾಳೆ.

ನಮ್ಮ ಜಿಲ್ಲೆ ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದಾಗಿನ ಮಾತಿದು. ಚಳಿ ಬಿದ್ದಿತ್ತು. ನಮ್ಮ ನೆರೆಮನೆಯ ಇಮಾಮಸಾಬ ತನ್ನ ಹೊಲದಿಂದ ಕಡಲೆಯ ಎಳೆ ಕುಡಿ ಚಿವುಟಿಕೊಂಡು ಬಂದು ನಮ್ಮ ಮನೆಗೂ ಒಂದು ಬುಟ್ಟಿ ಕೊಟ್ಟಿದ್ದ. ಗೋದಾವರಿ ಅದನ್ನು ತೊಳೆಯದೆ ಸಣ್ಣಗೆ ಹೆಚ್ಚಿ, ತೊಗರಿಬೇಳೆಯ ಜೊತೆ ಜೋಳದ ನುಚ್ಚು ಹಾಕಿ ಬೇಯಿಸಿ, ಕಡಗೋಲಿನಿಂದ ಮಸೆದು, ಕುಸುಬೆ ಎಣ್ಣೆಯಲ್ಲಿ ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು. ಬಿಸಿ ರೊಟ್ಟಿಯ ಮೇಲೆ ಆ ಪಲ್ಯ ಬಿತ್ತೆಂದರೆ ಮಾತು ನಿಲ್ಲಬೇಕು. ನನ್ನದು ನಿಲ್ಲಲಿಲ್ಲ.

“ತೊಳೀಲಿಲ್ಲ ಯಾಕ?”

“ತೊಳದ್ರ ಹುಳಿ ಹೋಗ್ತದ.”

“ಹುಳಿ ನೀರಿನ ಜೋಡಿ ಹೋಗ್ತದ ಅಂದ್ರ ಅದು ಎಲಿ ಒಳಗಿಲ್ಲ, ಮ್ಯಾಲ ಅದ! ಮ್ಯಾಲ ಹೆಂಗ ಬಂತು?”

“ಇಮಾಮಸಾಬನ್ನ ಕೇಳ್ರಿ. ನನಗ ಬೋಗಾಣಿ ತಿಕ್ಕೋದದ.”

ಕೇಳಿದೆ. ಇಮಾಮಸಾಬ ಬೀಡಿ ಆರಿಸಿ ಹೇಳಿದ: “ಚಳಿಗಾಲದಾಗ ಎಲಿ ಮ್ಯಾಲ ಬೆವರಿನಂಗ ಬರ್ತೈತ್ರಿ ಮಾಸ್ತರ್ರ. ಸಂಜೀಕ ಗಿಡದ ಮ್ಯಾಲ ಒಂದು ಹಳೇ ಅರಿವಿ ಹಾಸ್ರಿ. ಮುಂಜಾನೆ ಇಬ್ಬನಿ ಕುಡದು ತೊಯ್ದಿರ್ತೈತಿ. ಹಿಂಡ್ರಿ. ಬರೇ ಹುಳಿ! ಹೊಟ್ಟಿನೋವಿಗೂ ನಡಿತೈತಿ, ಸಾರಿಗೂ ನಡಿತೈತಿ.”

ನಾನು ಕೇಳದ ಪ್ರಶ್ನೆಯಿಲ್ಲ. ಜೋಳದ ಮೇಲೆ ಯಾಕೆ ಬರುವುದಿಲ್ಲ? ಮಧ್ಯಾಹ್ನ ಎಲ್ಲಿ ಹೋಗುತ್ತದೆ? ದನ ತಿಂದರೆ ಹಲ್ಲು ಚುಳಿಯುವುದಿಲ್ಲವೇ? ಇಮಾಮಸಾಬ ಸೋತು ಎತ್ತಿಗೆ ನೀರು ಕುಡಿಸುವ ನೆವದಿಂದ ಎದ್ದುಹೋದ. ಆದರೆ ಅರಿವೆ ಹಳೆಯದೇ ಯಾಕೆ ಎಂಬ ಒಂದು ಪ್ರಶ್ನೆ ಮಾತ್ರ ನನ್ನ ಬಾಯಿಗೆ ಬರಲಿಲ್ಲ!

ಅಂದು ಸಂಜೆಯೇ ನನ್ನದೊಂದು ಹಳೆಯ ಪಂಚೆಯನ್ನು ಅವನ ಹೊಲದಲ್ಲಿ ಹಾಸಿ ಬಂದೆ. ಮರುದಿನ ನಸುಕಿನಲ್ಲಿ ತಿಕ್ಕಿ ಬೆಳಗಿದ ತಂಬಿಗೆ ಹಿಡಿದು ಹೊರಟೆ. ಆ ಹೊತ್ತಿನಲ್ಲಿ ಊರ ಗಂಡಸರೆಲ್ಲ ತಂಬಿಗೆ ಹಿಡಿದು ಹೊಲದ ಕಡೆ ಹೋಗುವವರೇ. ಆದರೆ ಅವರು ತುಂಬಿದ್ದನ್ನು ಒಯ್ದು ಖಾಲಿ ತರುತ್ತಾರೆ. ನಾನು ಖಾಲಿ ಒಯ್ದು, ಒಳಗೆ ಏನೋ ತುಳುಕಿಸುತ್ತ ಜೋಪಾನವಾಗಿ ತರುತ್ತಿದ್ದೆ! ಎದುರಿಗೆ ಬಂದ ದೇಸಾಯರು ನನ್ನನ್ನೂ ತಂಬಿಗೆಯನ್ನೂ ನೋಡಿ, ಏನೂ ಕೇಳದೆ, ದಾರಿಯ ಆಚೆ ಅಂಚಿಗೆ ಸರಿದು ನಡೆದರು.

ಬಾಗಿಲಲ್ಲೇ ಗೋದಾವರಿ ತಡೆದಳು. “ಅದು ಯಾವ ತಂಬಿಗಿ?”

“ದೇವರ ಮನಿದು. ಇದು ಆಕಾಶದಿಂದ ಇಳದದ್ದು. ಇದಕ್ಕಿಂತ ಮಡಿ ಯಾವುದದ?”

ಇದ್ದದ್ದು ಅರ್ಧ ಬಟ್ಟಲು. ಮೂಗು ಮುರಿಯುತ್ತಲೇ ಹುಣಸೆಯ ಬದಲು ಅದನ್ನೇ ಸಾರಿಗೆ ಹಾಕಿದಳು. ರುಚಿ ನೋಡಿದಳು. ಇನ್ನೊಮ್ಮೆ ನೋಡಿದಳು. “ಛಲೋ ಆಗೇದಲ್ರಿ!” ಅಂದಳು. ಮದುವೆಯಾದಂದಿನಿಂದ ನನ್ನ ಕುತೂಹಲಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು. ತಲೆಗೆ ಏರಿಬಿಟ್ಟಿತು.

ಅದೇ ವಾರ ಬಾದಾಮಿಯಿಂದ ಮಾವನವರು ಬರುವವರಿದ್ದರು. ಗೋದಾವರಿಯ ತಮ್ಮನ ಮದುವೆ. ಧನುರ್ಮಾಸ ಹಿಡಿಯುವ ಮೊದಲೇ ಮುಗಿಸಬೇಕೆಂದು ಅವಸರ. ಮಗಳನ್ನೂ ನನ್ನನ್ನೂ ಮುಂಚಿತವಾಗಿ ಕರೆದೊಯ್ಯುವುದು ಅವರ ವಿಚಾರ. ಅತ್ತೆಯವರದು ಒಂದೇ ಕಟ್ಟಪ್ಪಣೆ: “ಗೋದಾ ನಾ ಕೊಟ್ಟ ಇಳಕಲ್ ಸೀರಿ ಉಟ್ಕೊಂಡ ಮದುವಿಯಾಗ ನಿಲ್ಲಬೇಕು.” ನಮ್ಮ ಮದುವೆಯಲ್ಲಿ ಕೊಟ್ಟ ಆ ಸೀರೆಯನ್ನು ಅವರು ಇಳಕಲ್ಲಿನಲ್ಲಿ ನೇಕಾರರ ಮನೆಯಲ್ಲಿ ಖುದ್ದಾಗಿ ಕೂತು ನೇಯಿಸಿದ್ದರು. ಗಿಳಿಹಸಿರು ಮೈ, ಕೆಂಪು ಸೆರಗು. ಗೋದಾವರಿ ಅದನ್ನು ಉಡುವುದಕ್ಕಿಂತ ತೆಗೆದು ನೋಡಿ ಇಡುತ್ತಿದ್ದುದೇ ಹೆಚ್ಚು.

ಮಾವನವರಿಗೆ ಕಡಲೆ ಹುಳಿಯ ಸಾರನ್ನು ನನ್ನ ಕೈಯಾರೆ ಮಾಡಿ ಬಡಿಸಬೇಕೆಂದು ನಾನು ಸಂಕಲ್ಪ ಮಾಡಿದೆ. ಅರ್ಧ ಬಟ್ಟಲು ಸಾಲದು, ತಂಬಿಗೆ ತುಂಬ ಬೇಕು. ಅದಕ್ಕೆ ಉದ್ದನೆಯ ಅರಿವೆ ಬೇಕು. ಧೋತರ, ಪಂಚೆಗಳೆಲ್ಲ ಮದುವೆಗೆಂದು ಅಗಸರ ಮನೆಗೆ ಹೋಗಿದ್ದವು. ಉಳಿದದ್ದು ಹೊದೆಯುವ ದಪ್ಪ ಕೌದಿ. ಕೌದಿ ಹಾಸಿದರೆ ಕಡಲೆ ಗಿಡವೇ ನೆಲ ಹಿಡಿಯುತ್ತದೆ. ಶಾಂತಚಿತ್ತದಿಂದ ವಿಚಾರ ಮಾಡಿದೆ. ಹಳೆಯ ಅರಿವೆ ಎಂದರೇನು? ಮೆತ್ತಗಿನ ಅರಿವೆ. ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನದು ಯಾವುದು? ಟ್ರಂಕಿನ ತಳದಲ್ಲಿದೆ! ಇಬ್ಬನಿ ಎಂದರೆ ಬರೀ ನೀರು. ಒಣಗಿಸಿ ಮಡಿಚಿಟ್ಟರೆ ಬ್ರಹ್ಮನಿಗೂ ತಿಳಿಯುವುದಿಲ್ಲ.

ಶನಿವಾರ ಸಂಜೆ ಗೋದಾವರಿ ಹಣಮಪ್ಪನ ಗುಡಿಗೆ ಹೋದಳು. ನಾನು ಸೀರೆಯ ಜೊತೆ ಹೊಲಕ್ಕೆ ಹೋದೆ. ಇಮಾಮಸಾಬ ಗುಡೂರಿನ ನೆಂಟರ ಮನೆಗೆ ಹೋಗಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ.

ಮುಂಜಾನೆ ಹಿಂಡಿದರೆ ತಂಬಿಗೆ ತುಂಬಿತು! ಬಣ್ಣ ಮಾತ್ರ ಈ ಸಲ ದಾಸವಾಳದಂತೆ ಕೆಂಪು. ಪ್ರಕೃತಿಯಲ್ಲಿ ಎಂಥೆಂಥ ವೈಚಿತ್ರ್ಯವಿದೆ ಎಂದು ಬೆರಗಾದೆ. ಸೀರೆಯನ್ನು ನೀರಿಗೆ ಹಾಕದೆ ಹಾಗೆಯೇ ಬಣವೆಯ ಮೇಲೆ ಬಿಸಿಲಿಗೆ ಹರವಿ ಬಂದೆ. ತೊಳೆದರೆ ಮುದ್ದೆಯಾದೀತೆಂಬ ಮುಂದಾಲೋಚನೆ!

ಮಧ್ಯಾಹ್ನ ಮಾವನವರು ಸಾರನ್ನು ಸುರ್ರನೆ ಹೀರಿ, ಬಾಯಿ ಚಪ್ಪರಿಸಿ, ಮತ್ತೆ ಹಾಕಿಸಿಕೊಂಡರು. “ಹುಳಿ ಅಂದ್ರ ಇದು! ಬಣ್ಣ ಏನ್ ಬಂದದ ಮಾಸ್ತರ್ರ! ಬ್ಯಾಡಗಿ ಮೆಣಸಿನಕಾಯಿ ಏನು?”

“ಹೌದ್ರಿ,” ಅಂದೆ. ಗೋದಾವರಿ ನನ್ನ ಕಡೆ ನೋಡಿದಳು. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮುಗಿದು ತಿಂಗಳಾಗಿತ್ತು.

ಊಟವಾಗಿ ಮಾವನವರು ಮಲಗಿದರು, ಗೋದಾವರಿ ನೆರೆಮನೆಯವರಿಗೆ ಹೋಗಿಬರುತ್ತೇನೆಂದು ಹೇಳಲು ಹೋದಳು. ನಾನು ಓಡಿಹೋಗಿ ಸೀರೆ ತಂದೆ. ಸುಕ್ಕು ಬಿದ್ದಿತ್ತು. ತಂಬಿಗೆಗೆ ನಿಗಿನಿಗಿ ಕೆಂಡ ತುಂಬಿ ಇಸ್ತ್ರಿ ತಿಕ್ಕಿದೆ. ತಿಕ್ಕಿದ ಹಾಗೆ ಅಲ್ಲಲ್ಲಿ ಕಂದು ಬೊಟ್ಟುಗಳು ಮೂಡಿದವು. ಕಿಟಕಿಯ ನೆರಳಿರಬೇಕೆಂದು ಸೀರೆಯನ್ನು ಆಚೆ ಸರಿಸಿದೆ. ನೆರಳೂ ಜೊತೆಗೇ ಬಂತು! ಆಗ ನನ್ನ ಕುತೂಹಲ ಹುಟ್ಟಿದಂದಿನಿಂದ ಮೊದಲ ಸಲ ಮಾಯವಾಯಿತು. ಏನನ್ನೂ ಕೇಳದೆ, ಏನನ್ನೂ ನೋಡದೆ, ಮಡಿಚಿ ಟ್ರಂಕಿಗೆ ಹಾಕಿದೆ.

ಬಾದಾಮಿಯಲ್ಲಿ ಮದುವೆಯ ದಿನ. ಅಕ್ಷತೆಗೆ ಹೊತ್ತಾಗಿತ್ತು. ಗೋದಾವರಿ ಒಳಕೋಣೆಗೆ ನನ್ನನ್ನು ಕರೆಸಿದಳು. ಸೀರೆ ಅವಳ ಕೈಯಲ್ಲಿತ್ತು. ಒಂದು ಕಡೆ ಹಿಡಿದು ಜಾಡಿಸಿದಳು. ಪರ್‍ರ್ ಎಂದಿತು. ಬೊಟ್ಟು ಇದ್ದಲ್ಲೆಲ್ಲ ಬೆರಳು ತೂರುವಷ್ಟು ತೂತು.

“ಸೀರಿಗೆ ಏನಾತು?”

ಹೊಲ, ಇಬ್ಬನಿ, ಬಣವೆ, ಕೆಂಡ, ಎಲ್ಲ ಹೇಳಿದೆ.

“ಸೆರಗಿನ ಬಣ್ಣ ಎಲ್ಲಿ ಹೋತು?”

“ನಿಮ್ಮಪ್ಪನ ಹೊಟ್ಟ್ಯಾಗ.”

ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಟ್ರಂಕಿನ ಮೇಲೆ ಕೂತು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು, ಸಂಕಟವೂ ಆಯಿತು. ಅಷ್ಟರಲ್ಲಿ ಅತ್ತೆಯವರು ಬಾಗಿಲು ಬಡಿದರು: “ಗೋದಾ, ಸೀರಿ ಉಟ್ಟಿಯೇನು? ಬೀಗಿತ್ತಿಗೆ ತೋರಸಬೇಕು, ಲಗೂ ಬಾ!”

ಅವಳು ಕಣ್ಣೊರೆಸಿಕೊಂಡು ಎದ್ದಳು. ತೂತುಗಳನ್ನೆಲ್ಲ ನಿರಿಗೆಯಲ್ಲಿ, ಕಚ್ಚೆಯಲ್ಲಿ ಅಡಗಿಸಿ ಜಾಣತನದಿಂದ ಉಟ್ಟಳು. ಬೆನ್ನ ಮೇಲಿನ ಒಂದು ಮಾತ್ರ ಏನು ಮಾಡಿದರೂ ಅಡಗಲಿಲ್ಲ.

“ನನ್ನ ಬೆನ್ನ ಹಿಂದ ನಿಂದರ್‍ರಿ. ಮದುವಿ ಮುಗಿಯೂತನ ಹಂದಬ್ಯಾಡ್ರಿ,” ಅಂದಳು.

ನಿಂತೆ. ಅವಳು ಆರತಿಗೆ ಹೋದರೆ ನಾನೂ ಹೋದೆ, ನೀರು ಕುಡಿಯಲು ಹೋದರೆ ಅಲ್ಲಿಗೂ ಹೋದೆ. ಹೆಂಗಸರು ಮುಸಿಮುಸಿ ನಕ್ಕರು. ಅತ್ತೆಯವರು ಬೀಗಿತ್ತಿಗೆ, “ಅಳಿಯ ಅಂದ್ರ ಹಿಂಗಿರಬೇಕ್ರಿ, ಹೆಂಡತೀನ್ನ ಒಂದು ಗಳಿಗಿ ಬಿಟ್ಟಿರೂದಿಲ್ಲ,” ಎಂದು ಹೆಮ್ಮೆಯಿಂದ ಹೇಳಿದರು.

ಊಟದ ಪಂಕ್ತಿಯಲ್ಲಿ ಕೆಲಸ ಕೆಟ್ಟಿತು. ಮಾವನವರು ನನ್ನ ಕೈಹಿಡಿದು ಎಳೆದು ಬೀಗರ ಪಕ್ಕದಲ್ಲಿ ಕೂರಿಸಿಬಿಟ್ಟರು. ಗೋದಾವರಿ ತುಪ್ಪ ಬಡಿಸುತ್ತ ಬೆನ್ನನ್ನು ಗೋಡೆಯ ಕಡೆ ಮಾಡಿಕೊಂಡು ಅಡ್ಡಡ್ಡ ನಡೆಯುತ್ತಿದ್ದಳು.

“ಬೀಗರ, ನಮ್ಮ ಅಳಿಯಂದಿರು ಒಂದು ಸಾರು ಮಾಡ್ತಾರ, ಇಂದ್ರಲೋಕದಾಗೂ ಸಿಗೂದಿಲ್ಲ! ಹೇಳ್ರಿ ಮಾಸ್ತರ್ರ, ಹೆಂಗ ಮಾಡಿದ್ರಿ?”

ಪಂಕ್ತಿಯೆಲ್ಲ ನನ್ನತ್ತ ತಿರುಗಿತು. ನಾನು ತೊದಲಿದೆ. “ಕಡಲಿ ಹೊಲದಾಗ ಅರಿವಿ ಹಾಸೂದು… ಮುಂಜಾನೆ ಹಿಂಡೂದು…”

“ಅರಿವಿ ಎಂಥಾದ್ದು ಇರಬೇಕ್ರಿ?” ಬೀಗರಿಗೂ ಕುತೂಹಲ!

ನಾನು ಎಲೆಯ ಮೇಲಿನ ಅನ್ನವನ್ನು ಕಲಸತೊಡಗಿದೆ. ಅದೇ ಹೊತ್ತಿಗೆ ಪಂಕ್ತಿಯ ಆ ತುದಿಯಲ್ಲಿ ಅತ್ತೆಯವರ ಕೈ ಮಗಳ ಬೆನ್ನಿನ ತೂತಿನ ಮೇಲೆ ಹೋಗಿ ನಿಂತಿತ್ತು. “ಇದೇನ ಗೋದಾ?” ಎಂದರು.

ಗೋದಾವರಿ ತುಪ್ಪದ ಗಿಂಡಿ ಕೆಳಗಿಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದಳು: “ಅವ್ವ ನೇಯಿಸಿ ಕೊಟ್ಟ ಇಳಕಲ್ ಸೀರೀನ ಆಗಬೇಕು ಅಪ್ಪಾ. ಬ್ಯಾರೆ ಅರಿವಿಗೆ ಆ ಬಣ್ಣ ಬರೂದಿಲ್ಲ!”

ಮಾವನವರ ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಅತ್ತೆಯವರು ನನ್ನನ್ನು ನೋಡಿದರು. ಆ ನೋಟದಲ್ಲಿ ನಾನು ಆದರ್ಶ ಅಳಿಯನಾಗಿದ್ದ ಅರ್ಧ ದಿನವೂ ಸುಟ್ಟುಹೋಯಿತು.

ಹುನಗುಂದಕ್ಕೆ ಮರಳಿದವನೇ ಇಮಾಮಸಾಬನ ಮೇಲೆ ಹರಿಹಾಯ್ದೆ. “ಆ ಹುಳಿ ಅರಿವೀನ್ನ ಸುಡ್ತದ, ಹಳೇ ಅರಿವಿ ಅದಕ್ಕ ಅಂತ ಹೇಳಬಾರದಾಗಿತ್ತೇನೋ!”

“ನಮ್ಮಪ್ಪ ಹಳೇದು ಹಾಸು ಅಂತಿದ್ದ, ನಾ ಹಾಸ್ತಿದ್ದೆ. ಯಾಕ ಅಂತ ನಾ ಎಂದೂ ಕೇಳಿಲ್ರಿ ಮಾಸ್ತರ್ರ,” ಅಂದ.

ಹುಳಿ ಹಿಡಿಯುವುದನ್ನು ನಾವು ಬಿಟ್ಟಿಲ್ಲ. ಸಾರಿನ ರುಚಿ ಅಂಥದ್ದು. ಪ್ರತಿ ಚಳಿಗಾಲ ಹೊಲದಲ್ಲಿ ನನ್ನ ಧೋತರ ಹಾಸುತ್ತೇವೆ. ಯಾವ ಧೋತರ ಎಂದು ಆರಿಸುವ ಅಧಿಕಾರ ಮಾತ್ರ ಗೋದಾವರಿಯದು. ಅವಳು ಟ್ರಂಕು ತೆಗೆದು, ಒಂದೊಂದನ್ನೂ ಮುಟ್ಟಿ, ಸಾವಕಾಶವಾಗಿ ಆರಿಸುತ್ತಾಳೆ.

ಪ್ರತಿ ಸಲವೂ ಹೊಸದನ್ನೇ!