ಸಾಹೇಬರ ಕಪ್ಪೆ, ಡಾಕ್ಟರ ಕೈಗುಣ

ಒದೆಯುವ ಹಸು, ಕಚ್ಚುವ ಕುದುರೆ ಯಾವುದಕ್ಕೂ ಜಗ್ಗದ ದನದ ಡಾಕ್ಟರು ಅಂದು ಬೆಳಿಗ್ಗೆ ಒಂದು ಹಿಡಿಯಷ್ಟೂ ಇಲ್ಲದ ಹಸಿರು ಕಪ್ಪೆಯನ್ನು ನೋಡಿ ಬೆವರಿದರು. ಕಪ್ಪೆ ಇಲಾಖೆಯ ದೊಡ್ಡ ಸಾಹೇಬರದು. ಹತ್ತು ದಿನದಿಂದ ಹುಳ ಮುಟ್ಟಿಲ್ಲ, ತೊಡೆಯೆಲ್ಲ ಕೆಂಪಾಗಿದೆ. ಡಾಕ್ಟರು ತಮ್ಮೂರಿಗೆ ಕೇಳಿದ್ದ ವರ್ಗಾವಣೆಯ ಕಾಗದ ಇದ್ದದ್ದೂ ಅದೇ ಸಾಹೇಬರ ಬಳಿ. ಸಂಜೆ ಕಪ್ಪೆ ಒಯ್ಯಲು ಬಂದಾಗ ಸಹಿ ಹಾಕುತ್ತೇನೆಂದು ಹೇಳಿ ಕಳಿಸಿದ್ದರು.

ಡಾಕ್ಟರ ಹೆಂಡತಿ, ಮಗಳು ಇದ್ದದ್ದು ಒಂದಿಡೀ ದಿನದ ಪ್ರಯಾಣದಾಚೆ. ಮಗಳು ಶಾಲೆಯಲ್ಲಿ ‘ನಮ್ಮ ಮನೆ’ ಎಂದು ಚಿತ್ರ ಬರೆದಿದ್ದಳು: ಅಮ್ಮ, ತಾನು, ಅಪ್ಪನ ಜಾಗದಲ್ಲಿ ಒಂದು ಫೋನು. ಹೆಂಡತಿ ತಮಾಷೆಗೆಂದೇ ಅದನ್ನು ಕಳಿಸಿದ್ದಳು. ಡಾಕ್ಟರಿಗೆ ನಗು ಬಂದಿರಲಿಲ್ಲ.

“ಮೊದ್ಲು ತೂಕ ನೋಡೋಣ,” ಎಂದರು. ತಕ್ಕಡಿಯಲ್ಲಿ ಕಪ್ಪೆ ತೂಗುವುದು ಗಾದೆಯಷ್ಟೇ ಎಂದುಕೊಂಡಿದ್ದವರಿಗೆ ಅದು ಅನುಭವವೂ ಆಯಿತು. ಕಪ್ಪೆ ಒಂದೇ ನೆಗೆತಕ್ಕೆ ಮಾಯ.

ಕಾಂಪೌಂಡರ್ ನೆಲಕ್ಕೆ ಬಿದ್ದು ಕೈ ಚಾಚಿದ.

“ಬರಿಗೈಲಿ ಮುಟ್ಬೇಡ್ರೀ! ಅದು ಚರ್ಮದಲ್ಲೇ ನೀರು ಕುಡಿಯೋದು. ನಿಮ್ಮ ಕೈಯೆಲ್ಲ ಸ್ಪಿರಿಟ್!” ಎಂದು ಡಾಕ್ಟರು ಕೂಗಿದರು.

“ಅಯ್ಯೋ, ನಮ್ಮ ಪುಟಾಣಿ ನುಂಗಿಬಿಡ್ತೇನೋ!” ಎಂದು ನಾಯಿ ತಂದಿದ್ದ ಹೆಂಗಸು ಚೀರಿದಳು. ಡಾಕ್ಟರು ನಾಯಿಯ ಬಾಯಿ ಬಿಡಿಸಿ, ಟಾರ್ಚ್ ಬಿಟ್ಟು, ತಮ್ಮ ವರ್ಗಾವಣೆ ಒಳಗೇನಾದರೂ ಇದೆಯೇ ಎಂದು ಹುಡುಕಿದರು.

ಒಂದು ಗಂಟೆ ಹುಡುಕಿದ ಮೇಲೆ ಕಪ್ಪೆ ಸಿಕ್ಕಿತು. ನಾಯಿಗಳಿಗೆಂದು ನಿನ್ನೆ ಹಿಡಿದಿಟ್ಟ ಬೋಗುಣಿಯ ನೀರಿನಲ್ಲಿ ಗದ್ದದವರೆಗೆ ಮುಳುಗಿ ಕೂತಿತ್ತು. ನೀರಿನ ಮೇಲೆ ಎಣ್ಣೆಯಂಥ ಪೊರೆ. ಡಾಕ್ಟರು ಬಗ್ಗಿ ಮೂಸಿದರು. ಥೇಟ್ ಸಾಹೇಬರ ವಾಸನೆ!

“ದಿನಾ ಶೇವ್ ಮಾಡಿ ಲೋಷನ್ ಹಚ್ಕೊಂಡು, ಅದೇ ಕೈಲಿ ಇದನ್ನ ಸವರ್ತಾರೆ ಸಾರ್, ‘ಕಂದಾ, ಕಂದಾ’ ಅಂತ,” ಎಂದ ಸಾಹೇಬರ ಮನೆ ಕಂಡಿದ್ದ ಕಾಂಪೌಂಡರ್.

ನೀರು ಎರಡು ಸಲ ಬದಲಾಯಿತು. ಮಧ್ಯಾಹ್ನದ ಹೊತ್ತಿಗೆ ಕಪ್ಪೆ ಒಂದು ಮಿಡತೆಯನ್ನು ಗುಳುಂ ಮಾಡಿತು.

“ಹವಾ ಬದಲಾಗಿತ್ತು ಅಂದ್ಬಿಡಿ ಸಾರ್,” ಎಂದ ಕಾಂಪೌಂಡರ್. “ನಿಮ್ ಕೈಯೇ ರೋಗ ಅಂತ ಸಾಹೇಬ್ರಿಗೆ ಹೇಳೋಕಾಗತ್ತಾ? ಮೊದ್ಲು ಸಹಿ ಆಗ್ಲಿ.”

ಮಾತು ಸರಿಯೇ. ಆದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಲೋಷನ್, ಅದೇ ಕೈ. ಸಾಹೇಬರು ಕೆಟ್ಟವರಲ್ಲ. ಮನೆಯಲ್ಲಿ ಒಬ್ಬರೇ, ಸವರಲು ಬೇರೆ ಯಾರೂ ಇಲ್ಲ. ಮುಟ್ಟದೆ ಪ್ರೀತಿಸುವುದು ಎಷ್ಟು ಕಷ್ಟವೆಂದು ಡಾಕ್ಟರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಧ್ಯಾಹ್ನವೆಲ್ಲ ಅವರು ಬೋಗುಣಿಯ ಮುಂದೆಯೇ ಕೂತಿದ್ದರು.

ಸಂಜೆ ಸಾಹೇಬರು ಬಂದು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಡಾಕ್ಟರು ಕಣ್ಣು ಮುಚ್ಚಿ ಎಲ್ಲ ಹೇಳಿಬಿಟ್ಟರು. ಕಾಂಪೌಂಡರ್ ಮೆಲ್ಲಗೆ ಔಷಧಿ ಕೋಣೆಗೆ ಜಾರಿಕೊಂಡ.

ಸಾಹೇಬರು ತಮ್ಮ ಅಂಗೈಯನ್ನೇ ನೋಡಿಕೊಂಡರು. “ನನ್ನಿಂದಾನಾ?”

“ಪ್ರೀತಿಯಿಂದಾನೇ ಮುಟ್ಟಿದ್ರಿ ಸಾರ್. ಇನ್ಮೇಲೆ ನೋಡ್ತಾ ಪ್ರೀತಿಸಿ, ಅದು ಬದುಕತ್ತೆ.”

ಸಾಹೇಬರ ಕಣ್ಣು ತುಂಬಿತು. “ಮೂವತ್ತು ವರ್ಷದ ಸರ್ವಿಸಲ್ಲಿ ನನ್ನ ಮುಖಕ್ಕೆ ನಿಜ ಹೇಳಿದೋರು ನೀವೊಬ್ರೇ ಡಾಕ್ಟ್ರೇ. ಇಂಥೋರನ್ನ ಬಿಟ್ಕೊಡೋಷ್ಟು ದಡ್ಡನಾ ನಾನು?” ಎನ್ನುತ್ತಾ ವರ್ಗಾವಣೆಯ ಕಾಗದವನ್ನು ಪ್ರೀತಿಯಿಂದ ನಾಲ್ಕು ಚೂರು ಮಾಡಿದರು. ಕಪ್ಪೆಯ ಪೆಟ್ಟಿಗೆಯನ್ನು ಅಂಚಿನಲ್ಲಷ್ಟೇ ಹಿಡಿದು ಹೊರಟರು.

ಡಾಕ್ಟರು ಮನೆಗೆ ಫೋನು ಮಾಡಿ ಮಗಳಿಗೆ ಕಪ್ಪೆಯ ಕತೆಯನ್ನೆಲ್ಲ ಹೇಳಿದರು.

“ಹಾಗಾದ್ರೆ ನೀನು ಬರಲ್ವಾ ಅಪ್ಪಾ?”

“ಸದ್ಯಕ್ಕಿಲ್ಲ ಪುಟ್ಟಿ.”

“ಬೇಜಾರ್ ಮಾಡ್ಕೋಬೇಡ. ಚಿತ್ರದಲ್ಲಿ ಫೋನ್ ಪಕ್ಕ ಒಂದು ಕಪ್ಪೆ ಬರೀತೀನಿ, ನಿನಗೆ ಜೊತೆಗಿರ್ಲಿ.”