ನಾಲ್ಕನೇ ಕಂಪನಿ

ಚೈತನ್ಯನ ಫಜೀತಿಗೆಲ್ಲ ಅವನ ಕೆಲಸದ ಹೆಸರೇ ಮೂಲ. ಡೇಟಾ ಸೈನ್ಸ್ ಮ್ಯಾನೇಜರ್ ಎಂದರೇನೆಂದು ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡುವ ಅವನ ಅಪ್ಪನಿಗೇ ಗೊತ್ತಿರಲಿಲ್ಲ. ಹೀಗಾಗಿ ಚಿನಕುರಳಿಯಲ್ಲಿ ಹೆಣ್ಣು ಹುಡುಕಿಕೊಟ್ಟ ನೆಂಟ ತಿಮ್ಮರಾಜು, ಆ ಕೆಲಸವನ್ನು ಕೇಳಿದವರಿಗೆಲ್ಲ ಅವರವರಿಗೆ ಹಿಡಿಸುವ ಹಾಗೆ ವರ್ಣಿಸುತ್ತ ಬಂದಿದ್ದ.

ಅಪ್ಪ ಅಮ್ಮ ಹುಡುಗಿಯನ್ನು ಆಗಲೇ ನೋಡಿ ಒಪ್ಪಿದ್ದರು. ಕೆಲಸದಲ್ಲಿದ್ದ ಹೈದರಾಬಾದಿನಿಂದ ಬಂದ ಚೈತನ್ಯ ಶನಿವಾರ ಬೆಳಿಗ್ಗೆ ತಿಮ್ಮರಾಜುವನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚಿನಕುರಳಿಗೆ ಹೊರಟ. ಹುಡುಗಿ ಭೂಮಿಕಳ ಫೋಟೊ ನೋಡಿದಂದಿನಿಂದ ಅವನ ಕಂಪ್ಯೂಟರಿನ ಅಂಕಿಗಳೆಲ್ಲ ಕುಂಕುಮ ಇಟ್ಟುಕೊಂಡ ಹಾಗೆ ಕಾಣುತ್ತಿದ್ದವು.

ಹುಡುಗಿಯ ಅಪ್ಪ ನರಸಯ್ಯ ಮರಗೆಲಸದವರು. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ನೇರವಾಗಿ ಕೇಳಿದರು.

"ಏನ್ ಕೆಲ್ಸ ಮಾಡ್ತೀರಪ್ಪ?"

"ಡೇಟಾ ಸೈನ್ಸ್ ಮ್ಯಾನೇಜರು."

"ಡೇಟಾನಾ?" ಮೂಲೆಯಲ್ಲಿದ್ದ ಅಜ್ಜಿ ಪಾರ್ವತಮ್ಮ ನೆಟ್ಟಗೆ ಕೂತರು. "ನನ್ ಫೋನಲ್ಲಿ ಸಂಜೆಗೇ ಖಾಲಿಯಾಗ್ಬುಡ್ತದೆ ಕಣಪ್ಪ. ಒಸಿ ಜಾಸ್ತಿ ಬುಡಕಾಯ್ತದಾ?"

"ಹಂಗಲ್ಲ ಅಜ್ಜಿ. ಕಂಪನೀಲಿ ರಾಶಿ ರಾಶಿ ಲೆಕ್ಕ ಇರುತ್ತೆ. ಅದನ್ನ ನೋಡಿ ಮುಂದೆ ಏನಾಗಬೋದು ಅಂತ ನಾನೂ ನನ್ನ ತಂಡದವರೂ ಹೇಳ್ತೀವಿ."

"ಕಣಿ ಯೋಳದು ಅನ್ನು ಮತ್ತೆ!" ಎಂದು ಅಜ್ಜಿ ಅಂಗೈ ಚಾಚಿಯೇಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಕುಳ್ಳಯ್ಯ ಎಕ್ಸ್‌ರೇ ಹಿಡಿದು ಕುಂಟುತ್ತ ಬಂದ. "ಡಾಕ್ಟ್ರೆ, ಈ ಮಂಡಿ ಒಸಿ ನೋಡಿ. ತಿಮ್ಮರಾಜಣ್ಣ ಯೋಳ್ದ, ದೊಡ್ಡಾಸ್ಪತ್ರೇಲಿದ್ರಂತೆ."

"ಆಸ್ಪತ್ರೇಲಿದ್ದದ್ದು ನಿಜ, ಆದ್ರೆ ಡಾಕ್ಟರಲ್ಲ. ಯಾವತ್ತು ಎಷ್ಟು ಮಂಚ ಬೇಕಾಗುತ್ತೆ ಅಂತ ಲೆಕ್ಕ ಹಾಕ್ತಿದ್ದೆ."

ಮಂಚ ಎಂದೊಡನೆ ನರಸಯ್ಯನವರ ಮುಖ ಅರಳಿತು. "ಯಾವ ಮರದ್ದು?"

"ಕಬ್ಬಿಣದ್ದು ಮಾವ."

ಅರಳಿದ ಮುಖ ಹಾಗೇ ಮುದುಡಿಕೊಂಡಿತು. ಕುಳ್ಳಯ್ಯ ಮಾತ್ರ ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದುಕೊಂಡೇ ನಿಂತ. ಅವನ ಹಿಂದೆಯೇ ಅದೇ ಬೀದಿಯ ಚಲುವಯ್ಯ ಬಂದ.

"ಬಸ್ ಕಂಪನಿ ಸಾಹೇಬ್ರು ನೀವೇಯಾ? ಬೆಳಿಗ್ಗೆ ಬಸ್ಸು ನಮ್ಮೂರಲ್ಲಿ ನಿಲ್ಸದೇ ಒಂಟೋಯ್ತದೆ. ಆ ಡ್ರೈವರ್‌ಗೆ ಒಂದ್ ಮಾತು ಯೋಳಿ."

"ನಮ್ದು ಟಿಕೆಟ್ ಬುಕ್ ಮಾಡೋ ಕಂಪನಿ. ಡ್ರೈವರ್ ನನ್ ಮಾತು ಕೇಳಲ್ಲ. ಬ್ಯಾಂಕು, ಆಸ್ಪತ್ರೆ ಬಿಟ್ಟ ಮೇಲೆ ಇದಕ್ಕೆ ಸೇರಿದ್ದು."

"ತಡೀರಿ," ಎಂದರು ನರಸಯ್ಯ. "ಬ್ಯಾಂಕು, ಆಸ್ಪತ್ರೆ, ಬಸ್ಸು. ಒಂದ್ರಲ್ಲೂ ನಿಂತಿಲ್ವಲ್ಲ! ತಿಮ್ಮರಾಜು, ನೀನು ಒಂದೇ ಕಂಪನಿ ಅಂದಿದ್ದೆ?"

ತಿಮ್ಮರಾಜು ತೊಲೆಯಲ್ಲಿ ಹಲ್ಲಿ ಹುಡುಕತೊಡಗಿದ.

ಚೈತನ್ಯನೇ ಬಾಯಿಬಿಟ್ಟ. "ಕೆಲಸ ಒಂದೇ ಮಾವ, ಕಂಪನಿ ಬೇರೆ. ನಿಮ್ಮ ಉಳಿ ಒಂದೇ ಅಲ್ವಾ? ಅದ್ರಲ್ಲೇ ಬಾಗಿಲೂ ಮಾಡ್ತೀರಿ, ಮಂಚಾನೂ ಮಾಡ್ತೀರಿ."

ನರಸಯ್ಯ ಗದ್ದ ಕೆರೆದುಕೊಂಡರು. "ಮಾತೇನೋ ಚೆಂದಾಗದೆ. ಆದ್ರೆ ಇಂಗೆ ಒಂದಾದ್ಮೇಲೊಂದು ಕಂಪನಿ ಬುಡೋನು ನನ್ ಮಗಳನ್ನ ಬುಡಕಿಲ್ಲ ಅಂತ ಏನ್ ಗ್ಯಾರಂಟಿ?"

"ಅದೂ ನಿಜವೇಯಾ," ಎಂದ ಕುಳ್ಳಯ್ಯ. ಡಾಕ್ಟರಲ್ಲದವನ ಮೇಲೆ ಅವನಿಗೇನು ದಾಕ್ಷಿಣ್ಯ?

ನಾಲ್ಕನೇ ಕಂಪನಿಯೂ ಚೈತನ್ಯನ ಜೇಬಿನಲ್ಲೇ ಇತ್ತು. ಮೈಸೂರಿನ ಪಶು ಆಹಾರದ ಕಾರ್ಖಾನೆಯವರು, ಯಾವ ಊರಿನ ಹಸು ಎಷ್ಟು ಹಿಂಡಿ ತಿನ್ನುತ್ತದೆಂದು ಮೊದಲೇ ಹೇಳಲು ಅವನನ್ನು ಕರೆದಿದ್ದರು. ಇವತ್ತೇ ಉತ್ತರ ಕೊಡಬೇಕಿತ್ತು. ಹಿಂಡಿ ಹೋದರೆ ಹೋಗಲಿ, ಹುಡುಗಿ ಉಳಿಯಲಿ ಎಂದು ಅವನು ಫೋನ್ ತೆಗೆದು ಎಲ್ಲರೆದುರಿಗೇ ನಂಬರ್ ಒತ್ತಿದ.

"ಮೇಡಂ, ಕ್ಷಮಿಸಿ. ನಾನು ಮೈಸೂರಿಗೆ ಬರಲ್ಲ."

ತಿಮ್ಮರಾಜು ಅವನ ತೊಡೆ ಚಿವುಟಿದ. ಶಹಬ್ಬಾಸ್ ಹೇಳುತ್ತಿದ್ದಾನೆಂದುಕೊಂಡು ಚೈತನ್ಯ ದನಿ ಏರಿಸಿದ. "ಎಷ್ಟು ಸಂಬಳ ಕೊಟ್ರೂ ಬರಲ್ಲ! ಇರೋ ಕಂಪನೀಲೇ ಇರ್ತೀನಿ!"

"ಗಂಡು ಅಂದ್ರೆ ಇಂಗಿರಬೇಕು!" ನರಸಯ್ಯ ತೊಡೆ ತಟ್ಟಿದರು. "ಮಗಾ, ಕಾಪಿ ತತ್ತಾ!"

ಭೂಮಿಕ ಬಾಗಿಲಿಗೆ ಬಂದಳು. ಫೋಟೊಗಿಂತ ಚೆನ್ನಾಗಿದ್ದಳು. ಕೈಯಲ್ಲಿ ಕಾಫಿ ಮಾತ್ರ ಇರಲಿಲ್ಲ.

"ಹೈದರಾಬಾದಲ್ಲೇ ಇರ್ತೀರಾ?"

"ಇನ್ನು ಅಲ್ಲಾಡೋ ಮಾತೇ ಇಲ್ಲ!" ಎಂದ ಚೈತನ್ಯ, ಎದೆಯುಬ್ಬಿಸಿ.

"ಹಂಗಾದ್ರೆ ನಂಗೆ ಈ ಸಂಬಂಧ ಬ್ಯಾಡ ಕಣಪ್ಪ," ಎಂದು ಅವಳು ಅಪ್ಪನ ಕಡೆ ತಿರುಗಿದಳು. "ಪಾಂಡವಪುರದ ಕಾಲೇಜಲ್ಲಿ ಸಿಕ್ಕಿರೋ ಸರ್ಕಾರಿ ಕೆಲ್ಸ ಬುಟ್ಟು ನಾನೆಲ್ಲಿಗೆ ಹೋಗ್ಲಿ? ಹುಡುಗ ಮೈಸೂರಿಗೆ ಬರ್ತಾನೆ, ಅಲ್ಲಿಂದ ದಿನಾ ಓಡಾಡಬೋದು ಅಂತ ತಿಮ್ಮರಾಜಣ್ಣ ನಂಗೆ ಹೇಳಿದ್ದಕ್ಕೇ ನಾನು ಒಪ್ಪಿದ್ದು."

ತೊಡೆಯ ಮೇಲಿನ ಚಿವುಟು ಚೈತನ್ಯನಿಗೆ ಈಗ ಉರಿಯಿತು. ಅವನು ಮತ್ತೆ ಫೋನ್ ಮಾಡಿದ. ಗಾಬರಿಗೆ ಸ್ಪೀಕರ್ ಒತ್ತಿಹೋಯಿತು. "ಮೇಡಂ, ನಾನು ಬರ್ತೀನಿ! ಸೋಮವಾರಾನೇ ಬರ್ತೀನಿ!"

"ಅಯ್ಯೋ ಸರ್," ಎಂದಿತು ಫೋನು. "ನೀವು ಅಷ್ಟು ಗಟ್ಟಿಯಾಗಿ ಬೇಡ ಅಂದ್ರಲ್ಲ, ನಿಮ್ಮ ಜೊತೆ ಇಂಟರ್‌ವ್ಯೂಗೆ ಬಂದಿದ್ದ ರಾಹುಲ್ ಅವರನ್ನ ಆಗಲೇ ಕೇಳಿಬಿಟ್ವಿ. ಖುಷಿಯಾಗಿ ಒಪ್ಪಿಕೊಂಡ್ರು. ಮೈಸೂರಲ್ಲೇ ಮನೆ ಮಾಡ್ತಾರಂತೆ."

ತಿಮ್ಮರಾಜು ಮೆಲ್ಲಗೆ ಸರಿದು ಬಂದು ಫೋನಿನ ಮೇಲೆ ಬಾಗಿದ.

"ಮೇಡಮ್ಮೋರೆ, ಇಡಬ್ಯಾಡಿ, ಒಂದ್ನಿಮ್ಸ. ಆ ರಾಹುಲ್ಲು ಯಾವ ಕಡೆಯೋರು? ಮದ್ವೆಗಿದ್ವೆ ಏನಾರ ಆಗಿದ್ದದಾ?"